ಗರಗಸದ ದೋಟಿ ಮತ್ತು ಮೂರನೆಯ ಕೈ

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮೂರು ತಿಗನಾರೆಯಲ್ಲಿ ಯಾರನ್ನು ಕೇಳಿದರೂ ಅವರೇ ಹೇಳುತ್ತಾರೆ. ನಮ್ಮ ಹಸುವಿನ ಹಾಲನ್ನು ನಾನೇ ಕರೆದು, ನಾನೇ ಒಳಗೆ ತಂದು, ಆಮೇಲೆ ನೀರು ಬೆರೆತಿದೆಯೋ ಏನೋ ಅಂತ ನಾನೇ ಮೂಸಿ ನೋಡುವವಳು. ಹಾಗಿರುವಾಗ ಗಂಡನ ಮಾತನ್ನು ಸುಮ್ಮನೆ ನಂಬುತ್ತೇನೆಯೇ?

ನಮ್ಮ ಮನೆಗೂ ನನ್ನ ಗಂಡನ ಅಣ್ಣನ ಮನೆಗೂ ನಡುವೆ ಒಂದು ಮೋಟುಗೋಡೆ. ಗೋಡೆ ಮುಗಿಯುವ ಕಡೆ ಒಂದು ಪತ್ರೆ ಮರ, ಅಂದರೆ ಬಿಲ್ವದ ಮರ. ಅದರ ಪತ್ರೆ ಎರಡೂ ಮನೆಯ ಪೂಜೆಗೆ. ಸೋಮವಾರ ಮರ ಮುಟ್ಟುವ ಹಾಗಿಲ್ಲ, ಭಾನುವಾರವೇ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ನೆಲಕ್ಕೆ ಬಿದ್ದ ಪತ್ರೆ ಲಿಂಗಕ್ಕೆ ಏರುವುದಿಲ್ಲ. ಬೇರೆಯವರ ಮನೆಯಲ್ಲಿ ತೊಳೆದು ಏರಿಸುತ್ತಾರೋ ಏನೋ, ನಮ್ಮ ಅತ್ತೆ ಬಿಟ್ಟುಹೋದ ಪದ್ಧತಿ ಇದು. ಆದ್ದರಿಂದ ನನ್ನ ಗಂಡ ಹೆಗಲಿಗೆ ಟವೆಲ್ಲಿನ ಜೋಳಿಗೆ ಕಟ್ಟಿಕೊಂಡು, ಮುಳ್ಳು ತಪ್ಪಿಸಿಕೊಳ್ಳುತ್ತಾ ಮರ ಹತ್ತಿ ಕೀಳುತ್ತಿದ್ದರು. ಹುಡುಗರಾಗಿದ್ದಾಗಿನಿಂದ ಹತ್ತಿದ ಮರ.

ಹೋದ ವರ್ಷ ಅದೇ ಮರದಿಂದ ಬಿದ್ದರು. ಬಿದ್ದದ್ದು ಅಂತ ಅವರು ಒಪ್ಪುವುದಿಲ್ಲ, ಕಾಲು ಜಾರಿತು ಅನ್ನುತ್ತಾರೆ. ಹೆಗಲಿನ ಮೂಳೆ ಮುರಿಯಿತು. ಚಾಮರಾಜನಗರದ ಡಾಕ್ಟರು ಪಟ್ಟಿ ಬಿಗಿದು, ಬಿ.ಪಿ. ನೋಡಿ, "ನಿಮಗೆ ತಲೆಸುತ್ತು ಇದೆ. ಇನ್ನೊಂದು ಸಲ ಹೀಗೆ ಬಿದ್ದರೆ ಕೈ ಇರಲಿ, ನೀವೇ ಉಳಿಯಲ್ಲ," ಅಂದರು. ಮನೆಗೆ ಬಂದವಳೇ ಅವರ ಕೊರಳಿನ ಲಿಂಗ ಮುಟ್ಟಿಸಿ ಆಣೆ ತೆಗೆದುಕೊಂಡೆ, ಇನ್ನು ಮರ ಹತ್ತುವುದಿಲ್ಲ ಅಂತ. ಆಣೆ ಇಟ್ಟರು. ಇಡುವಾಗ ಅವರ ಕಣ್ಣು ಮರದ ಕಡೆ ಇತ್ತು, ನಾನು ನೋಡಿದೆ.

ಮರ ಸುಮ್ಮನಿರುತ್ತದೆಯೇ? ಕೊಂಬೆ ಬೆಳೆದು ಕೊಟ್ಟಿಗೆಯ ತಗಡಿಗೆ ಉಜ್ಜತೊಡಗಿತು. ಅದೇ ಕೊಂಬೆಯ ಮೇಲಿಂದ ಕೋತಿಗಳು ತಗಡಿಗೆ ಧುಮುಕಿ ಮನೆಯೊಳಗೆ ಇಣುಕತೊಡಗಿದವು. ಕೆಳಗಿನ ಪತ್ರೆ ಮೇಕೆಗಳ ಪಾಲಾಯಿತು. ಇವರು ದಿನಾ ಮರದಡಿ ನಿಂತು ತಲೆ ಎತ್ತಿ ನೋಡುವುದು, ನಾನು ಅವರನ್ನು ನೋಡುವುದು. ಹೀಗೇ ಬಿಟ್ಟರೆ ಒಂದು ದಿನ ಹತ್ತಿಯೇ ಹತ್ತುತ್ತಾರೆ ಅನ್ನಿಸಿ, ನೆಲದ ಮೇಲೆ ನಿಂತೇ ಕೊಂಬೆ ಕೊಯ್ಯುವ ಉದ್ದ ಕೋಲು, ಗರಗಸದ ದೋಟಿ ತರೋಣ ಅಂತ ತಾಳವಾಡಿಗೆ ಹೊರಟೆ. ಜೊತೆಗೆ ಅವರನ್ನೂ ಎಳೆದುಕೊಂಡು ಹೋದೆ.

ಕಬ್ಬಿಣದ ಅಂಗಡಿಯವನು ಮೂರು ಥರ ತೋರಿಸಿದ. ಬಿದಿರಿಗೆ ಕುಡುಗೋಲು ಕಟ್ಟಿದ್ದು ಒಂದು. ಅದು ಸೊಪ್ಪಿಗೆ ಸರಿ, ಕೊಂಬೆಗಲ್ಲ. ಕಬ್ಬಿಣದ ಪೈಪಿನದು ಇನ್ನೊಂದು. ಎತ್ತಿ ನೋಡಿದೆ, ನನ್ನ ಕೈಯೇ ಬಿದ್ದುಹೋಗುವ ಭಾರ, ಇವರ ಹೆಗಲಿಗೆ ಅದು ಆಗುವ ಮಾತೇ ಅಲ್ಲ. ಮೂರನೆಯದು ಅಲ್ಯೂಮಿನಿಯಂ. ಒಂದರೊಳಗೊಂದು ಸೇರಿಕೊಳ್ಳುವ ಮೂರು ಕೊಳವೆ, ತುದಿಗೆ ಬಾಗಿದ ಗರಗಸ, ಗರಗಸದ ಬುಡದಲ್ಲೊಂದು ಕೊಕ್ಕೆ. ಎಷ್ಟು ಬೇಕೋ ಅಷ್ಟು ಎಳೆದು ಕ್ಲಿಪ್ಪು ಒತ್ತಿದರೆ ನಿಲ್ಲುತ್ತದೆ ಅಂದ.

"ನಿಲ್ತದೆ ಅಂತ ನೀನೇಳ್ತೀಯ. ನಿಲ್ದಿದ್ರೆ?"

"ನಂಬಿ ತಗಳಮ್ಮ, ಗ್ಯಾರಂಟಿ ಅದೆ."

ಗ್ಯಾರಂಟಿ ಅಂದವನನ್ನು ನಾನು ಇನ್ನೂ ಹತ್ತಿರದಿಂದ ನೋಡುತ್ತೇನೆ. ಅಂಗಡಿ ಮುಂದೆ ದೋಟಿಯನ್ನು ಪೂರ್ತಿ ಎಳೆಸಿ, ತುದಿಯನ್ನು ನೆಲಕ್ಕೆ ಊರಿ, ಮೈಭಾರ ಬಿಟ್ಟೆ. ಒಂದು ಕ್ಲಿಪ್ಪು ಸರ್ರನೆ ಜಾರಿತು. ಅವನು ಹಲ್ಲು ಕಿರಿದು ಒಳಗಿನಿಂದ ಬೇರೆ ತಂದ. ಅದು ನಿಂತಿತು. ಹಲ್ಲು ಯಾಕೆ ಹಿಂದಕ್ಕೆ ಮುಖ ಮಾಡಿವೆ ಅಂತ ಕೇಳಿದೆ. ತಳ್ಳುವಾಗ ಕೊಯ್ಯಲ್ಲ, ಎಳೆಯುವಾಗ ಕೊಯ್ಯುತ್ತೆ, ಕೆಳಗೆ ನಿಂತವರಿಗೆ ಎಳೆಯೋದೇ ಸುಲಭ ಅಂದ. ಅದೊಂದು ಮಾತು ನ್ಯಾಯವಾಗಿತ್ತು. ಕರೆಂಟು ತಂತಿಗೆ ತಾಗಿದರೆ ಅಂದೆ. ಆಗ ಮಾತ್ರ ಅವನ ನಗು ನಿಂತಿತು.

"ತಂತಿ ಅತ್ರ ಓಗ್ಲೇಬೇಡಿ. ಇದು ಅಲ್ಯೂಮಿನಿಯಂ. ಮರದತ್ರ ತಂತಿ ಇದ್ರೆ ಲೈನ್‌ಮ್ಯಾನ್ ಕರೀರಿ."

ನಿಜ ಹೇಳುವಾಗ ಮನುಷ್ಯನ ಮುಖ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು. ನಮ್ಮ ಮರದ ಹತ್ತಿರ ತಂತಿ ಇಲ್ಲ. ತೆಗೆದುಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ಬೈದುಕೊಂಡೇ ಸೀಟಿನಡಿ ಜಾಗ ಬಿಡಿಸಿಕೊಟ್ಟ. ದಾರಿಯುದ್ದಕ್ಕೂ ಗರಗಸದ ಮೇಲೆ ಗೋಣಿಚೀಲ ಸುತ್ತಿ ಕಾಲಲ್ಲಿ ಒತ್ತಿಕೊಂಡು ಕೂತೆ. ಇವರು ಕಿಟಕಿಯ ಹೊರಗೆ ಹಾದುಹೋಗುವ ಮರಗಳನ್ನು ನೋಡುತ್ತಾ ಕೂತರು.

ಮೊದಲ ದಿನ ತಗಡಿಗೆ ಉಜ್ಜುವ ಕೊಂಬೆಗೆ ದೋಟಿ ಹಾಕಿದರು. ಮೊದಲು ಕೆಳಗಿನಿಂದ ಒಂದು ಕಚ್ಚು, ಆಮೇಲೆ ಮೇಲಿನಿಂದ ಕೊಯ್ಯುವುದು, ಇಲ್ಲವಾದರೆ ಕೊಂಬೆ ತೊಗಟೆ ಸೀಳಿಕೊಂಡು ಬೀಳುತ್ತದೆ. ಅದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹೇಳಿಕೊಟ್ಟವಳು ನಾನು. "ಅಡೀಲಿ ನಿಂತ್ಕಬೇಡಿ! ಪಕ್ಕಕ್ಕೆ ಬನ್ನಿ! ಕ್ಲಿಪ್ಪು ನೋಡಿ! ಬಲಗೈ ಮೇಲಕ್ಕೆ ಎತ್ಬೇಡಿ!" ಅಂತ ಒಂದೇ ಸಮ ಬಾಯಿ ಬಡಿದುಕೊಂಡೆ. ಕೊಂಬೆ ಬಿತ್ತು, ಪತ್ರೆಯೆಲ್ಲ ಮಣ್ಣುಪಾಲಾಯಿತು.

"ನೀ ಬಾಯ್ ಮಾಡುದ್ರೆ ನಂಗೆ ಕೈ ನಡುಗ್ತದೆ ಕಣಮ್ಮಿ," ಅಂದರು ಇವರು. "ಭಾನುವಾರ ನೀ ಒಲಕ್ಕೋಗು. ಪತ್ರೆ ನಾ ನೋಡ್ಕತೀನಿ."

"ನೆಲಕ್ಕೆ ಬೀಳ್ದಂಗೆ ಎಂಗ್ ನೋಡ್ಕತೀರಿ?"

"ಏನೋ ಮಾಡ್ತೀನಿ."

ಈ 'ಏನೋ'ದಿಂದಲೇ ನನ್ನ ತಲೆಗೆ ಹುಳ ಹೊಕ್ಕಿತು. ಭಾನುವಾರ ಬೆಳಿಗ್ಗೆ ನಾನು ಕೆಳಗಿನ ಹೊಲದಿಂದ ದನಕ್ಕೆ ಮೇವು ಕೊಯ್ದು ತರುತ್ತೇನೆ. ಆ ಭಾನುವಾರ ಬಂದು ನೋಡಿದರೆ ಜಗಲಿಯ ಮೇಲೆ ತಟ್ಟೆ ತುಂಬ ಪತ್ರೆ. ಮೇಲಿನ ಕುಡಿಯವು, ಎಳೆಯವು, ಒಂದರ ಮೇಲೂ ಧೂಳಿಲ್ಲ. ದೋಟಿ ಗೋಡೆಗೆ ಒರಗಿತ್ತು.

"ಎಂಗ್ ಕಿತ್ರಿ?"

"ದೋಟೀಲಿ."

ದೋಟಿ ಹಿಡಿಯಲು ಎರಡು ಕೈ ಬೇಕು. ಬೀಳುವ ಪತ್ರೆಯನ್ನು ನೆಲಕ್ಕೆ ಬೀಳದ ಹಾಗೆ ಹಿಡಿಯಲು ಇನ್ನೊಂದು ಕೈಯಾದರೂ ಬೇಕು. ಶಿವ ನನ್ನ ಗಂಡನಿಗೆ ಕೊಟ್ಟಿರುವುದು ಎರಡೇ, ಅದರಲ್ಲೂ ಒಂದು ಮುರಿದು ಕೂಡಿದ್ದು. ಮೂರನೆಯ ಕೈ ಎಲ್ಲಿಂದ ಬಂತು? ಹತ್ತಿದ್ದಾರೆ, ಮತ್ತಿನ್ನೇನು! ದೋಟಿಯನ್ನು ನನ್ನ ಕಿವಿಗೆ ಹೂವಿಡಲು ಗೋಡೆಗೆ ಒರಗಿಸಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ ಅವರ ಮೊಣಕೈ, ಮೀನಖಂಡ ಎಲ್ಲ ನೋಡಿದೆ. ಮುಳ್ಳು ಗೀಚಿದ ಗುರುತು ಒಂದೂ ಇರಲಿಲ್ಲ. ಅದರಿಂದ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ತುಂಬು ತೋಳಿನ ಅಂಗಿ ಹಾಕಿಕೊಂಡು ಹತ್ತಿದ್ದಾರೆ ಅಂದುಕೊಂಡೆ.

ಮುಂದಿನ ಶನಿವಾರ ಸಂಜೆ ಹೂ ಕಟ್ಟುವ ದಾರ ತೆಗೆದುಕೊಂಡು ಹೋಗಿ ಮರದ ಕವಲಿನ ಕೆಳಗೆ ಒಂದು ಸುತ್ತು ಕಟ್ಟಿದೆ. ಹತ್ತುವವನ ಕಾಲು ಅಲ್ಲಿ ಬಿದ್ದೇ ಬೀಳಬೇಕು, ಬಿದ್ದರೆ ದಾರ ಹರಿಯಲೇಬೇಕು. ಭಾನುವಾರ ಹೊಲದಿಂದ ಓಡಿಬಂದು ನೋಡಿದೆ. ತಟ್ಟೆ ತುಂಬ ಪತ್ರೆ. ದಾರ ಕಟ್ಟಿದ ಹಾಗೇ ಇತ್ತು. ಅದರ ಮುಂದಿನ ಭಾನುವಾರ ಬಂದು ನೋಡಿದರೆ ದಾರದ ಮೇಲೆ ಅರಿಶಿನ ಕುಂಕುಮ, ಸಿಕ್ಕಿಸಿದ್ದ ಒಂದು ಸೇವಂತಿಗೆ ಹೂ!

ಅಯ್ಯೋ ಶಿವನೇ ಅಂದುಕೊಂಡೆ. ನನ್ನ ಗಂಡ ವಿಭೂತಿ ಹಚ್ಚುವ ಮನುಷ್ಯ, ಮರಕ್ಕೆ ಕುಂಕುಮ ಇಟ್ಟವರಲ್ಲ. ಇದು ಹೆಂಗಸಿನ ಕೈ. ನಾನು ಹೊಲಕ್ಕೆ ಹೋದ ಹೊತ್ತಲ್ಲಿ ಯಾವಳೋ ಬರುತ್ತಿದ್ದಾಳೆ. ಅರವತ್ತರ ಹತ್ತಿರದ ಮನುಷ್ಯನ ಮೇಲೆ ಇಂಥ ಯೋಚನೆ ಮಾಡಿದ್ದಕ್ಕೆ ಈಗ ನಗು ಬರುತ್ತದೆ. ಆಗ ಬರಲಿಲ್ಲ. ಆ ವಾರವಿಡೀ ಅವರ ಮುಖಕ್ಕೆ ಮುಖ ಕೊಟ್ಟು ಮಾತಾಡಲಿಲ್ಲ.

ಗೋಡೆಯ ಆಚೆ ಇರುವ ನನ್ನ ವಾರಗಿತ್ತಿಯ ನೆನಪು ಮಾತ್ರ ನನಗೆ ಬರಲೇ ಇಲ್ಲ. ಯಾಕೆಂದರೆ ಅವಳು ಈ ಕಡೆ ಕಾಲಿಟ್ಟು ನಾಲ್ಕು ವರ್ಷವಾಗಿತ್ತು. ನನ್ನ ತವರಿನವರು ಕೊಟ್ಟ ಹಿತ್ತಾಳೆ ತಂಬಿಗೆ ಕಾಣೆಯಾದಾಗ, ನಾನು ಬೀದಿಯ ಹೆಂಗಸರ ಮುಂದೆಯೇ, "ಈ ಗೋಡೆ ದಾಟಿ ಬರೋರು ಇನ್ಯಾರವ್ರೆ?" ಅಂದಿದ್ದೆ. ಅವಳು ತಿರುಗಿ ತನ್ನ ಮನೆಗೆ ನಡೆದಳು. ಎರಡು ತಿಂಗಳಾದ ಮೇಲೆ ತಂಬಿಗೆ ನಮ್ಮ ಕೊಟ್ಟಿಗೆಯ ಹುಲ್ಲಿನಡಿ ಸಿಕ್ಕಿತು. ಕರುವಿಗೆ ನೀರು ಕುಡಿಸಲು ನಾನೇ ಒಯ್ದಿದ್ದೆ. ತೊಳೆದು ಪೆಟ್ಟಿಗೆಯ ತಳಕ್ಕೆ ಇಟ್ಟು ಮೇಲೆ ಸೀರೆ ಹೊದಿಸಿದೆ. ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ, ಯಾವ ಮುಖ ಇಟ್ಟುಕೊಂಡು?

ನಾಲ್ಕನೆಯ ಭಾನುವಾರ ಕುಡುಗೋಲು ಹಿಡಿದು ಹೊಲದ ದಾರಿಯಲ್ಲಿ ಸ್ವಲ್ಪ ದೂರ ಹೋದೆ. ಸುತ್ತು ಹಾಕಿಕೊಂಡು ಹಿಂದಿನಿಂದ ಬಂದು ಕೊಟ್ಟಿಗೆ ಹೊಕ್ಕೆ. ಹಸು ನನ್ನನ್ನೇ ನೋಡಿತು, ಅದರ ಬಾಯಿಗೊಂದು ಹಿಡಿ ಹುಲ್ಲು ಕೊಟ್ಟೆ. ತಗಡಿನ ಸಂದಿಯಲ್ಲಿ ಕಣ್ಣಿಟ್ಟು ನಿಂತೆ.

ಇವರು ದೋಟಿ ಉದ್ದ ಮಾಡಿ ಪಕ್ಕಕ್ಕೆ ನಿಂತಿದ್ದರು. ಕೊಂಬೆಯ ಕೆಳಗೆ ಒಗೆದ ಬಿಳಿ ಪಂಚೆಯೊಂದು ಬಿಗಿಯಾಗಿ ಹರಡಿತ್ತು. ಅದರ ಎರಡು ಮೂಲೆ ಪಕ್ಕದ ಸೀಬೆ ಗಿಡಕ್ಕೆ ಕಟ್ಟಿದ್ದರು. ಇನ್ನೆರಡು ಮೂಲೆ ನನ್ನ ವಾರಗಿತ್ತಿಯ ಕೈಯಲ್ಲಿದ್ದವು. ಮುಳ್ಳಿನ ಕಡ್ಡಿ ಬಿದ್ದಾಗ ಅವಳು ಮುಖ ಹಿಂದಕ್ಕೆ ಮಾಡುತ್ತಿದ್ದಳು, ಬಟ್ಟೆ ಬಿಡುತ್ತಿರಲಿಲ್ಲ. ನಾನು ಗಂಡನ ಮೈಮೇಲೆ ಹುಡುಕಿದ ಗೀಚುಗಳು ಅವಳ ಮುಂಗೈ ತುಂಬ ಇದ್ದವು.

ನನಗೆ ಮೊದಲು ಬಂದದ್ದು ಸಿಟ್ಟೇ. ನನಗೆ ಸುಳ್ಳು ಹೇಳಿ ಇವಳನ್ನು ಕರೆಸಿಕೊಂಡಿದ್ದಾರಲ್ಲ ಅಂತ. ಹೊರಗೆ ನುಗ್ಗಿ ಇಬ್ಬರಿಗೂ ಉಗಿದು ಉಪ್ಪಿನಕಾಯಿ ಹಾಕಬೇಕು ಅನ್ನುವಷ್ಟರಲ್ಲಿ, ಕೊಯ್ದ ಟೊಂಗೆಯೊಂದು ಬೀಳದೆ ಮೇಲಿನ ಮುಳ್ಳಿಗೆ ಸಿಕ್ಕಿಹಾಕಿಕೊಂಡಿತು. ಇವರು ದೋಟಿಯಲ್ಲಿ ತಿವಿದರು, ಬರಲಿಲ್ಲ. ದೋಟಿ ಕೆಳಗಿಟ್ಟರು. ಉಟ್ಟಿದ್ದ ಪಂಚೆ ಎತ್ತಿ ಕಟ್ಟಿದರು. ಮರದ ಕವಲಿಗೆ ಕಾಲೆತ್ತಿದರು. ನಾನು ಕೂಗಲು ಬಾಯಿ ತೆರೆದೆ.

"ಏಯ್, ಕಾಲ್ ಇಳ್ಸಪ್ಪ!" ವಾರಗಿತ್ತಿ ಕೂಗಿದಳು. "ಲಿಂಗ ಮುಟ್ಟಿ ಆಣೆ ಇಟ್ಟಿವ್ನಿ ಅಂತ ನೀನೇ ಏಳ್ಲಿಲ್ವ?"

"ಒಂದೇ ಎಜ್ಜೆ ಕಣತ್ಗೆ. ಅವ್ಳೆಲ್ಲಿ ನೋಡ್ತಾಳೆ, ಒಲಕ್ಕೋಗವ್ಳೆ."

"ಅವ್ಳು ನೋಡ್ದಿದ್ರೆ ನಾ ನೋಡ್ತಿಲ್ವ? ನಿಂಗೇನಾರ ಆಗ್ಬಾರ್ದು ಅಂತ ಪಾಪ ಅರ್ಕೆ ಕಟ್ಕಂಡು ದಾರ ಕಟ್ಟವ್ಳೆ. ಆ ದಾರದ್ ಮೇಲೆ ಕಾಲ್ ಇಡ್ತೀಯ? ಇಳ್ಸು. ಇಲ್ದಿದ್ರೆ ಬಟ್ಟೆ ಬಿಸಾಕಿ ಓಯ್ತೀನಿ, ಇನ್ ಈ ಕಡೆ ಬರಲ್ಲ."

ಇವರು ಕಾಲಿಳಿಸಿದರು. ನಾನು ತಗಡಿಗೆ ಹಣೆ ಹಚ್ಚಿ ನಿಂತುಬಿಟ್ಟೆ. ಹರಕೆಯಂತೆ! ಕಳ್ಳನನ್ನು ಹಿಡಿಯಲು ನಾನು ಕಟ್ಟಿದ ದಾರಕ್ಕೆ ಅವಳು ಹರಕೆ ಅಂತ ಕುಂಕುಮ ಇಟ್ಟಿದ್ದಾಳೆ. ನಾಚಿಕೆಯಾಯಿತು. ಆದರೂ ಹೊರಗೆ ಬಂದೆ. ನನ್ನನ್ನು ಕಂಡು ಇವರು ದೋಟಿ ಎತ್ತಿಕೊಂಡರು, ಅದರ ಹಿಂದೆ ಬಚ್ಚಿಟ್ಟುಕೊಳ್ಳಬಹುದು ಅನ್ನುವವರ ಹಾಗೆ. ವಾರಗಿತ್ತಿ ಮುಖ ತಿರುಗಿಸಿದಳು, ಬಟ್ಟೆ ಮಾತ್ರ ಬಿಡಲಿಲ್ಲ.

"ಇನ್ನೊಂದು ಕೊಳವೆ ಎಳ್ಕಳಿ," ಅಂದೆ ನಾನು. "ಕೊಯ್ಯೋದ್ ಬೇಡ. ಕೊಕ್ಕೆ ಆಕಿ ಎಳೀರಿ."

ಆದರೆ ಆ ಟೊಂಗೆ ಇದ್ದದ್ದು ಆಚೆ ಬದಿಗೆ. ಬಟ್ಟೆ ಸರಿಸಬೇಕು, ಸೀಬೆ ಗಿಡ ಸರಿಯುತ್ತದೆಯೇ? ನಾನು ಗಂಟು ಬಿಚ್ಚಿ ಆ ಎರಡು ಮೂಲೆ ಹಿಡಿದುಕೊಂಡೆ. ಇಬ್ಬರೂ ಮರದ ಆಚೆಗೆ ಸರಿದೆವು. ಅವಳ ಮುಖ ನನ್ನ ಎದುರಿಗೇ ಬಂತು, ಬೇರೆ ಕಡೆ ನೋಡಲು ದಾರಿ ಇರಲಿಲ್ಲ.

"ಅಕ್ಕ, ತಂಬ್ಗೆ ನಮ್ ಕೊಟ್ಗೇಲೇ ಇತ್ತು ಕಣಕ್ಕ," ಅಂದೆ.

"ಗೊತ್ತು."

"ಯಾವಾಗಿಂದ?"

"ಸಿಕ್ಕುದ್ ದಿನದಿಂದ. ಉಣ್ಸೆಣ್ಣು ಆಕಿ ತಿಕ್ತಿದ್ಯಲ್ಲ, ಗೋಡೆಯಿಂದ ಕಾಣ್ತಿತ್ತು. ಇವತ್ತು ಏಳ್ತಾಳೆ, ನಾಳೆ ಏಳ್ತಾಳೆ ಅಂತಿದ್ದೆ." ಅವಳ ಕಣ್ಣು ತುಂಬಿತ್ತು. "ಬಿಗಿಯಾಗಿಡ್ಕೊ ಕಣಮ್ಮಿ, ಬೀಳ್ತದೆ."

ಇವರು ಕೊಕ್ಕೆ ಹಾಕಿ ಎಳೆದರು. ಟೊಂಗೆ ದೊಪ್ಪನೆ ನಮ್ಮಿಬ್ಬರ ನಡುವೆ ಬಂದು ಬಿತ್ತು. ಒಂದು ಮುಳ್ಳು ನನ್ನ ಹೆಬ್ಬೆರಳಿಗೆ ಚುಚ್ಚಿತು. ನಾನೂ ಬಟ್ಟೆ ಬಿಡಲಿಲ್ಲ.

ಈಗ ಭಾನುವಾರ ಹೊಲಕ್ಕೆ ತಡವಾಗಿ ಹೋಗುತ್ತೇನೆ. ತಂಬಿಗೆ ಪೆಟ್ಟಿಗೆಯಿಂದ ಹೊರಗೆ ಬಂದಿದೆ, ಒಮ್ಮೊಮ್ಮೆ ಗೋಡೆ ದಾಟಿ ಅವಳ ಮನೆಗೂ ಹೋಗಿಬರುತ್ತದೆ. ದಾರದ ನಿಜವನ್ನು ಮಾತ್ರ ನಾನು ಇವತ್ತಿನವರೆಗೂ ಅವಳಿಗೆ ಹೇಳಿಲ್ಲ. ಮಳೆಗೆ ನೆನೆದು ಹರಿದುಹೋದಾಗಲೆಲ್ಲ ಹೊಸದು ಕಟ್ಟುತ್ತೇನೆ, ಅವಳು ಬಂದು ಕುಂಕುಮ ಇಡುತ್ತಾಳೆ.