ಹೊಸ ಕೈಗೆ ಕೆಂಪು ಬಾಳೆಹಣ್ಣಿನ ಪರೀಕ್ಷೆ

ಗೆಳೆಯರೆ, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವ ಮಹಬೂಬಸಾಬರಿಗೆ ಇಂದು ಕಲಬುರಗಿಯ ನಮ್ಮ ಕೃತಕ ಅಂಗ ಕೇಂದ್ರದಲ್ಲಿ ವಿದ್ಯುತ್ ಚಾಲಿತ ಬಲಗೈ ಜೋಡಿಸಿದೆ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವರ ಅಂಗೈ ಹೋಗಿತ್ತು. ಉಳಿದ ಮುಂಗೈಯ ಸ್ನಾಯು ಬಿಗಿಯಾದರೆ ಹೊಸ ಬೆರಳುಗಳು ಮುಚ್ಚುತ್ತವೆ. ಪರೀಕ್ಷೆಗೆಂದು ರಬ್ಬರ್ ಚೆಂಡು ಇಟ್ಟೆ. ಅವರು ಅದನ್ನು ಸರಿಸಿ, ಚೀಲದಿಂದ ಬಾಳೆಹಣ್ಣು ತೆಗೆದರು.

“ಚೆಂಡ ಹಿಡದು ನಾ ಏನ ಮಾಡ್ಲಿರೀ? ನಾ ಮಾರೂದು ಹಣ್ಣ.”

ಮೊದಲ ಹಣ್ಣು ಹಿಸುಕಿಹೋಗಿ ಮೇಜಿನ ಮೇಲೆ ಬಿತ್ತು. ಎರಡನೆಯದೂ ಹಾಗೆಯೇ ಆಯಿತು.

“ಹಿಂಗಾದ್ರ ಗಿರಾಕಿಗೆ ಶಿಕರಣಿನೇ ಮಾರಬೇಕಾಗ್ತದ,” ಎಂದರು ಪಕ್ಕದಲ್ಲಿದ್ದ ಅವರ ಪತ್ನಿ ಖಾಸಿಂಬಿ.

ಮೋಟಾರಿನ ಬಲ ತಗ್ಗಿಸಿದೆ.

“ಹಣ್ಣು ಬೆರಳಿಗೆ ಹತ್ತಿದ್ದು ನನಗ ತಿಳಿವಲ್ದುರೀ,” ಎಂದರು ಮಹಬೂಬಸಾಬರು.

ಸ್ಪರ್ಶವನ್ನು ಈ ಕೈ ತಿಳಿಸುವುದಿಲ್ಲ. ಕಣ್ಣಿನಿಂದಲೇ ನೋಡಿ ಹಿಡಿಯಬೇಕು. ಅವರು ಕಣ್ಣು ಕದಲಿಸದೆ ಮೂರನೆಯ ಹಣ್ಣನ್ನು ಹಿಡಿದೆತ್ತಿದರು. ಸಿಪ್ಪೆಯ ಮೇಲೆ ಒಂದು ಗೀರೂ ಬೀಳಲಿಲ್ಲ.

ಹಣ್ಣನ್ನು ಪತ್ನಿಗೆ ಕೊಟ್ಟು, ಅದೇ ಕೈಯನ್ನು ನನ್ನತ್ತ ಚಾಚಿದರು. ಮೇಜಿನ ಮೇಲಿದ್ದ ಎರಡು ಹಣ್ಣುಗಳನ್ನು ನೋಡಿ ನಾನು ತುಸು ತಡೆದೆ.

“ಹಣ್ಣಿನ ಪಾಳಿ ಮುಗೀತು, ಈಗ ನಿಮ್ದು ಸಾಹೇಬ್ರ,” ಎಂದರು ಖಾಸಿಂಬಿ.

ಕೈ ಕುಲುಕಿದೆ. ಈ ಬರಹವನ್ನು ಎರಡೂ ಕೈಗಳಿಂದ ಟೈಪ್ ಮಾಡುತ್ತಿದ್ದೇನೆ.