ಬಚ್ಚಲುಮನೆಯ ಫ್ರಿಜ್ಜು

ಗಂಡನ ಕೆಲಸ ಹೋದ ಮೇಲೆ ನಮ್ಮ ಮನೆಯಲ್ಲಿ ಮೊದಲು ಬದಲಾದದ್ದು ಅವರು ಏಳುವ ಹೊತ್ತು. ಹೋಟೆಲೊಂದರ ಏಸಿ ಪ್ಲಾಂಟಿನಲ್ಲಿ ಸೂಪರ್‌ವೈಸರ್ ಆಗಿದ್ದವರು, ನಸುಕಿಗೇ ಎದ್ದು ಶೂ ಪಾಲಿಶ್ ಮಾಡುತ್ತಿದ್ದ ಮನುಷ್ಯ, ಈಗ ನಾನು ಡ್ಯೂಟಿಗೆ ಹೊರಡುವಾಗಲೂ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಮಧ್ಯಾಹ್ನ ಬಂದು ನೋಡಿದರೆ ಅದೇ ಮಗ್ಗುಲು. ನಾನು ನರ್ಸು. ಹಾಗೆ ಮಲಗುವವರನ್ನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಹಾಗಾಗಿ ಹೆದರಿಕೆಯಾಯಿತು. ಬಾಯಲ್ಲಿ ಮಾತ್ರ, "ಹಾಸಿಗೆಗೂ ಸ್ವಲ್ಪ ರಜೆ ಕೊಡಿ ಮಾರಾಯ್ರೆ" ಎಂದು ಬೈದೆ.

ಗಲ್ಫಿನ ಈ ಊರಲ್ಲಿ, ಖಾಲಿದಿಯಾ ಎಂಬ ಬಡಾವಣೆಯ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಮನೆ ಖಾಲಿ ಮಾಡಿದರೆ ಬೇಡದ ಸಾಮಾನೆಲ್ಲ ಲಿಫ್ಟಿನ ಬಳಿ ಬಂದು ಕೂರುತ್ತದೆ. ಒಂದು ದಿನ ಡ್ಯೂಟಿಯಿಂದ ಬಂದಾಗ ಅಂಥದ್ದೊಂದು ಹಳೇ ಫ್ರಿಜ್ಜು ನಮ್ಮ ಸಣ್ಣ ಬಚ್ಚಲುಮನೆಯಲ್ಲಿತ್ತು. ಅದರ ಹಿಂದೆ ಮೊಣಕಾಲೂರಿ ಕೂತ ಗಂಡ ಸ್ಕ್ರೂಡ್ರೈವರನ್ನು ಬಾಯಲ್ಲಿ ಕಚ್ಚಿಕೊಂಡಿದ್ದರು. ಮುಖಕ್ಕೆ ಮಸಿ ಮೆತ್ತಿತ್ತು. ಆ ಮಸಿ ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಎಂತ ಮಾಡ್ತಿದ್ದೀರಿ ಎಂದು ಕೇಳುವುದೇ ಮರೆತುಹೋಯಿತು.

ಆಮೇಲೆ ಕೇಳಿದೆ. ಬಿಯರ್ ಮಾಡಲಿಕ್ಕಂತೆ.

"ನಿಮ್ಮ ತಲೆ ಸರಿ ಉಂಟಾ? ಅಂಗಡಿಯಲ್ಲಿ ಸಿಗುವುದಿಲ್ವಾ?"

"ಕುಡೀಲಿಕ್ಕಲ್ಲ ಮಾರಾಯ್ತಿ" ಎಂದರು. ಸ್ಕ್ರೂಡ್ರೈವರನ್ನು ಮತ್ತೆ ಕೈಗೆತ್ತಿಕೊಂಡು ಫ್ರಿಜ್ಜಿನ ಹಿಂದೆ ಬಗ್ಗಿದರು.

ಇಲ್ಲಿ ಅಂಗಡಿಯಲ್ಲಿ ಕೊಂಡು ಕುಡಿದರೆ ಯಾರೂ ಕೇಳುವುದಿಲ್ಲ, ಮನೆಯಲ್ಲಿ ಮಾಡಿದರೆ ಅಪರಾಧ. ಅವರ ವೀಸಾ ನನ್ನ ಕೆಲಸದ ಮೇಲೆ ನಿಂತಿತ್ತು, ಮಗಳದ್ದೂ. ಸಿಕ್ಕಿಬಿದ್ದರೆ ನನ್ನ ನರ್ಸಿಂಗ್ ಲೈಸೆನ್ಸಿನಿಂದ ಹಿಡಿದು ಮಗಳ ಶಾಲೆಯವರೆಗೆ ಎಲ್ಲ ಖಲಾಸ್. ಬೇಡವೆಂದರೆ ಆ ಮನುಷ್ಯ ಮತ್ತೆ ಗೋಡೆಯ ಕಡೆ ತಿರುಗುತ್ತಾರೆ. ನಾನು ಯಾವುದನ್ನು ಉಳಿಸಿಕೊಳ್ಳಲಿ?

ಅವರು ಮಾತ್ರ ದಿನದಿನಕ್ಕೆ ಚಿಗುರಿಕೊಂಡರು. ಬಾರ್ಲಿಯನ್ನು ನೆನೆಸಿ, ಒದ್ದೆ ಬಟ್ಟೆಯ ಮೇಲೆ ಹರಡಿ ಮೊಳಕೆ ಬರಿಸಿದರು, ಓವನ್ನಿನಲ್ಲಿ ಹದವಾಗಿ ಹುರಿದರು. ಕುಡಿಯುವ ನೀರಿನ ದೊಡ್ಡ ಕ್ಯಾನಿಗೆ ತೂತು ಕೊರೆದು ನಲ್ಲಿ ಕೂರಿಸಿದರು. ಫ್ರಿಜ್ಜಿನ ಒಳಗಿನ ತಟ್ಟೆಗಳನ್ನು ಕಿತ್ತು, ಕ್ಯಾನು ನಿಲ್ಲುವಷ್ಟು ಜಾಗ ಮಾಡಿದರು. ಒಳಗೊಂದು ಬಲ್ಬು, ಹೊರಗೆ ಕೆಂಪು ಅಂಕಿ ತೋರಿಸುವ ಡಬ್ಬಿ. ಚಳಿ ಜಾಸ್ತಿಯಾದರೆ ಬಲ್ಬು ಹತ್ತುತ್ತದೆ, ಸೆಕೆಯಾದರೆ ಫ್ರಿಜ್ಜು ಓಡುತ್ತದೆ. ಗ್ಯಾಸು ಹೊರಗೆ ಹೋಗಲು ಕ್ಯಾನಿನ ಮುಚ್ಚಳಕ್ಕೆ ನಳಿಕೆ ಬೇಕಿತ್ತು. "ನಿಮ್ಮ ಆಸ್ಪತ್ರೆಯಲ್ಲಿ ಡ್ರಿಪ್ಪಿನ ಟ್ಯೂಬು ಬಿಸಾಡ್ತಾರಲ್ಲ" ಎಂದು ಶುರು ಮಾಡಿದರು. ನಾನು ಸಿಡಿದ ರೀತಿಗೆ ಮೀನಿನ ಅಂಗಡಿಗೆ ಹೋಗಿ ಅಕ್ವೇರಿಯಮ್ಮಿನ ನಳಿಕೆ ತಂದರು.

ನಳಿಕೆಯ ತುದಿಯನ್ನು ಜಾಮ್ ಬಾಟಲಿಯ ನೀರಿನಲ್ಲಿ ಮುಳುಗಿಸಿದ್ದರು. ಒಳಗೆ ಹುದುಗು ಶುರುವಾದ ಮೇಲೆ ಅದು ಗುಳುಕ್ ಎನ್ನುತ್ತಿತ್ತು. ಅವರು ಸ್ಟೂಲು ಹಾಕಿಕೊಂಡು ಅದನ್ನು ಕೇಳುತ್ತಾ ಕೂರುತ್ತಿದ್ದರು. ನನಗೆ ಅಡುಗೆಮನೆಯಲ್ಲೂ ಅದೇ ಕೇಳಿಸುತ್ತಿತ್ತು, ಪ್ರತಿ ಗುಳುಕಿಗೂ ಮುಂಬಾಗಿಲ ಚಿಲಕ ಹಾಕಿದೆಯಾ ಎಂದು ನೋಡಿಬರುತ್ತಿದ್ದೆ. ಮಗಳು ನನ್ನ ಮುಖ ನೋಡಿ, "ಪಪ್ಪಾ ಈಸ್ ಹ್ಯಾಪಿ, ಮಮ್ಮಾ. ಪ್ಲೀಸ್" ಎಂದಳು.

ವಾಸನೆಯನ್ನು ಎಲ್ಲಿ ಬಚ್ಚಿಡುವುದು? ನಾತೂರ್, ನಮ್ಮ ಬಿಲ್ಡಿಂಗಿನ ವಾಚ್‌ಮನ್, ಲಿಫ್ಟಿನಲ್ಲಿ ಕೇಳಿಯೇಬಿಟ್ಟ. "ಸಿಸ್ಟರ್, ನಿಮ್ಮ ಮನೆಯಿಂದ ಎಂತದೋ ಹುಳಿ ವಾಸನೆ?" ಬಾಯಿಗೆ ಬಂದದ್ದು ಸಾನ್ನಾ. ನಾವು ಮಂಗಳೂರಿನ ಕ್ರಿಶ್ಚಿಯನ್ನರು ಮಾಡುವ ಇಡ್ಲಿಯಂಥ ತಿಂಡಿ ಅದು. ಊರಲ್ಲಿ ಹಿಟ್ಟಿಗೆ ಕಳ್ಳು ಹಾಕಿ ಉಬ್ಬಿಸುತ್ತೇವೆ, ಇಲ್ಲಿ ಯೀಸ್ಟು. ಹೇಳಿದ ಮೇಲೆ ಮಾಡಬೇಕಲ್ಲ? ಭಾನುವಾರ ಇಗರ್ಜಿಯಿಂದ ಬಂದು ಸಾನ್ನಾ ಬೇಯಿಸಿ, ಅವನಿಗೊಂದು ತಟ್ಟೆ, ಎದುರು ಮನೆಗೊಂದು ತಟ್ಟೆ. ಆಮೇಲೆ ಪ್ರತಿ ಭಾನುವಾರವೂ ಅದೇ ಕಥೆ. ಏಸಿಯ ಚಳಿಗೆ ನನ್ನ ಹಿಟ್ಟು ಉಬ್ಬುವುದೇ ಇಲ್ಲ, ಸಾನ್ನಾ ಕಲ್ಲು. ಪಾಪ, ಅವನು ಅದನ್ನು ಜಗಿದು "ಬಹುತ್ ಅಚ್ಛಾ" ಅನ್ನುತ್ತಿದ್ದ. ನನಗೆ ಅಳು ಬರುತ್ತಿತ್ತು.

ಬಿಯರು ಆಯಿತು, ಇನ್ನು ರುಚಿ ನೋಡುವುದು ಎನ್ನುವ ವಾರ ಲಿಫ್ಟಿನಲ್ಲಿ ನೋಟಿಸು ಕಂಡಿತು. ಮರುದಿನ ಎಲ್ಲ ಮನೆಗಳಲ್ಲೂ ಏಸಿ ಸರ್ವಿಸ್. ನಮ್ಮ ಏಸಿಯ ಮೆಷಿನು ಇರುವುದು ಆ ಸಣ್ಣ ಬಚ್ಚಲಿನ ಸೀಲಿಂಗಿನ ಒಳಗೆ, ಫ್ರಿಜ್ಜಿನ ನೆತ್ತಿಯ ಮೇಲೆ. ಜೀವಮಾನವೆಲ್ಲ ಏಸಿಯಲ್ಲೇ ಕಳೆದ ಮನುಷ್ಯ, ಅಲ್ಲಿ ತಂಪಿರುತ್ತದೆಂದು ಲೆಕ್ಕ ಹಾಕಿ ಅಲ್ಲೇ ಇಟ್ಟಿದ್ದರು. ಸರ್ವಿಸಿಗೆ ಜನ ಬರುತ್ತಾರೆಂಬುದು ಅವರಿಗೆ ಹೊಳೆದಿರಲೇ ಇಲ್ಲ. ಇಷ್ಟು ವರ್ಷ ಸರ್ವಿಸಿಗೆ ಜನ ಕಳಿಸುತ್ತಿದ್ದವರು ಅವರೇ ಅಲ್ಲವಾ.

ಆ ದಿನ ವಾರ್ಡಿನಲ್ಲಿ ನನಗೆ ಅದೇ ಯೋಚನೆ. ಕ್ಯಾನನ್ನು ಎಲ್ಲಿ ಅಡಗಿಸುವುದು, ಚೆಲ್ಲಿ ಅಂತ ಯಾವ ಬಾಯಿಂದ ಹೇಳುವುದು? ಕೊನೆಗೆ, ಆದದ್ದಾಗಲಿ, ಕಾರಿನ ಡಿಕ್ಕಿಗೆ ಹಾಕಿಕೊಂಡು ನಾನೇ ಸುತ್ತುತ್ತೇನೆ ಅಂತ ಗಟ್ಟಿ ಮಾಡಿಕೊಂಡು ಮನೆಗೆ ಬಂದೆ.

ಕ್ಯಾನು ಬಾಲ್ಕನಿಯಲ್ಲಿ ಬೋರಲು ಬಿದ್ದು ಒಣಗುತ್ತಿತ್ತು. ನಳಿಕೆ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ.

"ಚೆಲ್ಲಿದ್ರಾ?"

"ಹ್ಞೂ."

"ರುಚಿಯಾದ್ರೂ ನೋಡಿದ್ರಾ?"

"ಇಲ್ಲ. ನೋಡಿದ್ರೆ ಚೆಲ್ಲಲಿಕ್ಕೆ ಮನಸ್ಸು ಬರ್ತಿರ್ಲಿಲ್ಲ."

ಅಷ್ಟೇ ಹೇಳಿ, ನಾನು ಬೆಳಗ್ಗೆ ಅರೆದಿಟ್ಟಿದ್ದ ಸಾನ್ನಾ ಹಿಟ್ಟಿನ ಪಾತ್ರೆಯನ್ನು ಫ್ರಿಜ್ಜಿನೊಳಗೆ ಇಟ್ಟು, ಡಬ್ಬಿಯ ಬಟನ್ ಒತ್ತಿ ಕೆಂಪು ಅಂಕಿಯನ್ನು ಮೇಲೇರಿಸಿದರು. ಬಲ್ಬು ಹತ್ತಿಕೊಂಡಿತು.

ಮರುದಿನ ಏಸಿಯವರು ಬಂದರು. ಏಣಿ ಇಡಲು ಫ್ರಿಜ್ಜನ್ನು ಸರಿಸುವಾಗ ಒಬ್ಬ ಬಾಗಿಲು ತೆಗೆದು ನೋಡಿದ. ಹಿಟ್ಟು ಪಾತ್ರೆಯ ಅಂಚಿಗೆ ಬಂದು ನಿಂತಿತ್ತು. "ಒಳ್ಳೆ ಕೆಲಸ ಸಾರ್. ನೀವೂ ಏಸಿ ಲೈನಿನವರಾ?" ಎಂದು ಹಿಂದಿಯಲ್ಲಿ ಕೇಳಿದ. ನನ್ನ ಗಂಡ ಇಲ್ಲ ಎಂದು ತಲೆಯಾಡಿಸಿದರು.

ಆ ಸಾನ್ನಾ ಹತ್ತಿಯಷ್ಟು ಮೆತ್ತಗಿತ್ತು. ನಾತೂರ್ ಎರಡನೇ ತಟ್ಟೆ ಕೇಳಿದ. ಮನೆಯಲ್ಲಿ ಗುಳುಕ್ ಎನ್ನುವುದು ನಿಂತಿತ್ತು, ವೀಸಾ ಉಳಿದಿತ್ತು, ನಾನು ನಿರಾಳವಾಗಬೇಕಿತ್ತು.

ಮುಂದಿನ ವಾರ ಡ್ಯೂಟಿಯಿಂದ ಬಂದಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಹಾಸಿಗೆಯ ಅಂಚಿನಲ್ಲಿ ಕೂತು ಬೆನ್ನಿನ ಮೇಲೆ ಕೈಯಿಟ್ಟೆ. "ಏಳಿ ಮಾರಾಯ್ರೆ. ನಾಳೆಗೆ ಹಿಟ್ಟು ಇಡಬೇಕು. ನೀವಿಟ್ಟರೇ ಅದು ಸರಿ ಬರುವುದು."

ಅವರು ತಿರುಗಲಿಲ್ಲ.

"ಹಿಟ್ಟಿಗೆ ನಾನ್ಯಾಕೆ?" ಎಂದರು. "ಬಟನ್ ಒತ್ತಿದ್ರೆ ಅದರಷ್ಟಕ್ಕೇ ಉಬ್ತದೆ."