ಮೊದೀಸೆ ತುಂಬಿಸಿದ ನೀರು

ನನ್ನ ತಮ್ಮ ಮೊದೀಸೆ ಸತ್ತ ವಾರ ಅವನ ಹೆಂಡತಿ ಚೆನೊಲೊಳನ್ನು ಕೋಣೆಯ ನೆಲದ ಮೇಲೆ ಹಾಸಿಗೆ ಹಾಕಿ ಕೂರಿಸಿದ್ದೆವು. ಬಂದವರೆಲ್ಲ ಅವಳ ಮುಂದೆ ಮಂಡಿಯೂರಿ ಅತ್ತು ಹೋದರು. ಅವಳು ಒಂದು ಹನಿ ಅಳಲಿಲ್ಲ. ಸಂಜೆ ನನ್ನ ಶಾಲಿನ ತುದಿ ಹಿಡಿದೆಳೆದು ಕೇಳಿದಳು:

"ಅಕ್ಕ, ಯಾರಾದ್ರೂ ಮಾತ್ರೆ ಹಾಕಿದ್ರಾ?"

"ಯಾರಿಗೇ?"

"ಕೊಳಕ್ಕೆ."

ಹಿತ್ತಲಿನ ಈಜುಕೊಳದ ಮಾತು. ಅಂಗೈಯಗಲದ ಕ್ಲೋರಿನ್ ಮಾತ್ರೆಯನ್ನು ತೇಲುವ ಡಬ್ಬಿಯಲ್ಲಿಟ್ಟು ನೀರಿಗೆ ಬಿಡಬೇಕು. ನಾನು ಹಾಸ್ಟೆಲಿನ ಅಡುಗೆಮನೆ ಆಳುವವಳು, ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಗಂಡನ ಹೆಣ ಇನ್ನೂ ಮಣ್ಣಾಗಿಲ್ಲ, ಇವಳಿಗೆ ಕೊಳದ ಚಿಂತೆಯೇ ಎಂದು ಮೈಯೆಲ್ಲ ಉರಿಯಿತು. ಆದರೂ ಎದ್ದು ಹೋಗಿ ಹಾಕಿ ಬಂದೆ.

ಮೊದೀಸೆ ಕಂಬ ಹತ್ತಿ ಕರೆಂಟಿನ ತಂತಿ ಕೂಡಿಸುವ ಕೆಲಸದವನು. ನಾವು ಬೆಳೆದ ಕಾಖೀಸೊದಲ್ಲಿ ಬೀದಿ ಮೂಲೆಯ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತರಬೇಕಿತ್ತು. ಅವನು ಕ್ರೂಗರ್ಸ್‌ಡಾರ್ಪ್ ಪೇಟೆಯಲ್ಲಿ ಈ ಮನೆ ಕೊಂಡಾಗ ಕೊಳ ಬರಿದಾಗಿತ್ತು, ಒಳಗೆ ಒಣ ಎಲೆ ಮತ್ತು ಒಂದು ಮುರುಕು ಕುರ್ಚಿ. ಗಿಡಕ್ಕೆ ನೀರು ಬಿಡುವ ಪೈಪನ್ನೇ ಇಳಿಬಿಟ್ಟು ತುಂಬಿಸಿದ. ಹಾಲು ಉಕ್ಕೀತೆಂದು ಒಲೆಯ ಮುಂದೆ ಕೂತವರ ಹಾಗೆ ಪಕ್ಕದಲ್ಲೇ ಕೂತಿದ್ದ. ಚೆನೊಲೊ ಶಾಲೆಯೊಂದರಲ್ಲಿ ಗುಮಾಸ್ತೆ. ಕಾಗದದ ಪಟ್ಟಿ ಅದ್ದಿ ಬಣ್ಣ ನೋಡುವುದು, ಹುಳಿ ಕಡಿಮೆಯಾದರೆ ಆಸಿಡ್ ಸುರಿಯುವುದು, ಪಂಪ್ ಓಡಿಸುವುದು, ಎಲ್ಲವನ್ನೂ ಕೇಳಿ ಕೇಳಿ ಕಲಿತಳು. ಅವರಿಗೆ ಸಿಕ್ಕಿದ್ದು ಒಂದೇ ಒಂದು ಬೇಸಿಗೆ. ಅದು ಮುಗಿಯುವ ಮೊದಲೇ ಕೆಲಸದ ಜಾಗದಲ್ಲಿ ಮೊದೀಸೆಯ ಎದೆಬಡಿತ ನಿಂತುಹೋಯಿತು.

ಮಣ್ಣು ಮಾಡಿ ಬಂದವರು ಒಳಗೆ ಬರುವ ಮೊದಲು ಕೈ ತೊಳೆಯಬೇಕು. ಗೇಟಿನ ಬಳಿ ಎರಡು ಬೋಗುಣಿ ಇಟ್ಟಿದ್ದೆವು, ಸಾಲು ಬೀದಿಯವರೆಗೂ ಬೆಳೆದಿತ್ತು. ಹಿತ್ತಲಿಗೆ ಬಂದು ನೋಡಿದರೆ ನಮ್ಮ ಸೋದರಮಾವಂದಿರೆಲ್ಲ ಕೊಳದ ಸುತ್ತ ಕುಕ್ಕರಗಾಲಲ್ಲಿ ಕೂತು ಸ್ಮಶಾನದ ಮಣ್ಣು ತೊಳೆಯುತ್ತಿದ್ದಾರೆ.

"ಏನ್ ಮಾವ ಇದು! ನಾಚ್ಕೆ ಆಗಲ್ವಾ?" ಎಂದು ಕೂಗಿದೆ.

"ಹಿತ್ತಲಲ್ಲಿ ಇಷ್ಟು ದೊಡ್ಡ ಬೋಗುಣಿ ಇಟ್ಕೊಂಡು ವಯಸ್ಸಾದೋರನ್ನ ಬಿಸಿಲಲ್ಲಿ ನಿಲ್ಲಿಸ್ತೀರಲ್ಲ, ನಿಮಗೆ ಆಗಲ್ವಾ?" ಎಂದರು ದೊಡ್ಡ ಮಾವ. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು.

ಮರುದಿನ ಚೆನೊಲೊ ಕಪ್ಪು ಬಟ್ಟೆಯಲ್ಲಿ ಕೊಳದ ಅಂಚಿಗೆ ಕೂತು ಪಟ್ಟಿ ಅದ್ದಿದಳು. ಒಂದು ಮಾತ್ರೆ ಹಾಕುವ ಕಡೆ ಎರಡು ಹಾಕಿದಳು. ಚಳಿಗಾಲ ಪೂರ್ತಿ ಅದೇ. ಊಟಕ್ಕೆ ಕರೆದರೆ ಬರುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ತಾನಾಗಿ ಮಾಡುತ್ತಿದ್ದ ಕೆಲಸ ಅದೊಂದೇ. ನಾನು ಬೈದರೆ ಬೈಸಿಕೊಳ್ಳುತ್ತಿದ್ದಳು, ಅದು ಇನ್ನೂ ಸಿಟ್ಟು ತರಿಸುತ್ತಿತ್ತು.

ಬಿಸಿಲು ಏರಿದಂತೆ ನೀರು ಹಸಿರಾಯಿತು. ಸೊಪ್ಪು ಬೇಯಿಸಿ ಬಸಿದ ನೀರೇ ಸರಿ. ನಮ್ಮಮ್ಮ ನೋಡಲು ಬಂದವಳು ಯಾರನ್ನೂ ಕೇಳದೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಪೊಟ್ಟಣಗಟ್ಟಲೆ ಸುರಿದುಬಿಟ್ಟಳು.

"ಏನಮ್ಮಾ ಮಾಡ್ದೆ?"

"ನೀಲಿ ಇರ್ಬೇಕು ಅಂತಿದ್ರಲ್ಲ, ನೀಲಿ ಮಾಡ್ದೆ. ನಿನ್ನ ಸ್ಕೂಲ್ ಯೂನಿಫಾರ್ಮ್ ಬೆಳ್ಳಗೆ ಹೊಳೀತಿದ್ದಿದ್ದು ಹೇಗೆ ಅಂದ್ಕೊಂಡೆ?"

ಕೊಳಕ್ಕೆ ಪೆಟ್ಟು ಬಿದ್ದು ಕಂದಿದ ಚರ್ಮದ ಬಣ್ಣ ಬಂತು. ಚೆನೊಲೊ ಮತ್ತೆರಡು ಮಾತ್ರೆ ಹಾಕಿದಳು.

ಸೂತಕದ ಕಪ್ಪು ಉಟ್ಟವಳು ಅಂಗಡಿ ಬೀದಿ ಸುತ್ತುವಂತಿಲ್ಲ. ನಾನೇ ಬಾಟಲಿಯಲ್ಲಿ ನೀರು ಹಿಡಿದು ಕೊಳದ ಸಾಮಾನಿನ ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗಿ ಶಾಂಟೆಲ್ ಯಂತ್ರಕ್ಕೆ ಹಾಕಿ ನೋಡಿ ಹುಬ್ಬೇರಿಸಿದಳು.

"ಕ್ಲೋರಿನ್ ಬೇಕಾದಷ್ಟಿದೆ ಅಮ್ಮಾ. ಕೆಲಸ ಮಾಡ್ತಿಲ್ಲ ಅಷ್ಟೆ. ಬರೀ ಮಾತ್ರೆ ಹಾಕ್ತಿದ್ರಾ?"

"ಹೂಂ. ಹೊಟ್ಟೆ ತುಂಬ ಹಾಕಿದಾಳೆ."

"ಮಾತ್ರೆಯಲ್ಲಿ ಸ್ಟೆಬಿಲೈಸರ್ ಅಂತ ಸೇರಿಸಿರ್ತಾರೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದ ಹಾಗೆ ಅದು ಹಿಡ್ಕೊಂಡಿರುತ್ತೆ. ಕ್ಲೋರಿನ್ ಖರ್ಚಾಗುತ್ತೆ, ಅದು ಆಗಲ್ಲ. ಕೂಡ್ತಾ ಕೂಡ್ತಾ ಎಷ್ಟಾಗುತ್ತೆ ಅಂದ್ರೆ, ಕ್ಲೋರಿನ್ನನ್ನ ಬಿಡೋದೇ ಇಲ್ಲ."

"ಏನು ಹಾಕಿದ್ರೆ ಹೋಗುತ್ತೆ?"

"ಏನು ಹಾಕಿದ್ರೂ ಹೋಗಲ್ಲ. ಅರ್ಧ ನೀರು ಚೆಲ್ಲಿ ಹೊಸದು ತುಂಬ್ಬೇಕು. ಪೂರ್ತಿ ಮಾತ್ರ ಖಾಲಿ ಮಾಡ್ಬೇಡಿ, ನೆಲದಡಿಯ ನೀರಿನ ಒತ್ತಡಕ್ಕೆ ಕೊಳ ಬಿರಿದುಬಿಡಬಹುದು."

ಮನೆಗೆ ಬಂದು ಹೇಳಿದೆ. ಚೆನೊಲೊ ತಲೆಯಾಡಿಸಿದಳು.

"ಬೇಡ ಅಕ್ಕ."

"ಯಾಕೆ ಬೇಡ? ಸೊಳ್ಳೆ ಸಾಕ್ತೀಯಾ?"

"ಅವರು ತುಂಬಿಸಿದ ನೀರು. ಅವರು ಇಳಿದಿದ್ದ ನೀರು." ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಬಟ್ಟೆ ಎಲ್ಲ ಹಂಚಿದ್ರಿ. ಕೋಟು ದೊಡ್ಡ ಮಾವಂಗೆ, ಬೂಟು ಅವರ ಮಗಂಗೆ. ಪದ್ಧತಿ, ಸರಿ. ಇದನ್ನ ಯಾರೂ ಕೇಳಿಲ್ಲ, ಇರ್ಲಿ."

ಹಂಚಿದವಳು ನಾನೇ. ಸತ್ತವನ ಅಕ್ಕನ ಕೆಲಸ ಅದು.

ಇಷ್ಟಕ್ಕೇ ಬಿಟ್ಟಿದ್ದರೆ ಆ ನೀರು ಈಗಲೂ ಅಲ್ಲೇ ಇರುತ್ತಿತ್ತೇನೋ. ಆದರೆ ಮೊದೀಸೆ ಚೆನೊಲೊರ ಪುಟ್ಟ ಮಗಳು ವರೋನಾ ಒಂದು ಮಧ್ಯಾಹ್ನ ಸೆಕೆ ತಾಳಲಾರದೆ ಕೊಳಕ್ಕಿಳಿದಳು. ವಾರದೊಳಗೆ ಎರಡೂ ಕಿವಿ ಸೋರತೊಡಗಿ, ಜ್ವರ ನೆತ್ತಿಗೇರಿತು. ಆಸ್ಪತ್ರೆಯ ಬೆಂಚಿನಲ್ಲಿ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೆನೊಲೊ ಗೋಡೆ ನೋಡುತ್ತಾ ಹೇಳಿದಳು:

"ಚೆಲ್ಲಿಬಿಡಿ ಅಕ್ಕ."

ಶನಿವಾರ ಪಂಪೊಂದನ್ನು ಕೇಳಿ ತಂದು ಮೆಟ್ಟಿಲ ಕಡೆ ನೀರಿಗೆ ಬಿಟ್ಟೆ, ಪೈಪನ್ನು ಬೀದಿಯ ಚರಂಡಿಗೆ ಎಳೆದೆ. ಸ್ವಿಚ್ಚಿಗೆ ಕೈ ಹಾಕಿದಾಗ ಚೆನೊಲೊ ಕೇಳಿದಳು:

"ಯಾವ ಅರ್ಧ ಹೋಗುತ್ತೆ ಅಕ್ಕ?"

"ಯಾವ ಅರ್ಧ ಅಂದ್ರೆ? ನೀರು ಕಣೇ ಅದು, ಬ್ರೆಡ್ಡಾ ಕೊಯ್ಯೋಕೆ?"

"ಅವರಿಗೆ ಈಜು ಬರ್ತಿರ್ಲಿಲ್ಲ. ನಾನು ಅಡುಗೆ ಮಾಡೋ ಹೊತ್ತಲ್ಲಿ ವರೋನಾನ ಎತ್ಕೊಂಡು ಯಾವಾಗ್ಲೂ ಈ ಮೆಟ್ಟಿಲ ಹತ್ರಾನೇ ನಿಲ್ತಿದ್ರು. ಆ ಕಡೆ ಹೋಗೇ ಇಲ್ಲ."

ನೀರಿಗೆ ಈ ಕಡೆ ಆ ಕಡೆ ಇಲ್ಲ, ಎಲ್ಲ ಬೆರೆತು ಎಷ್ಟೋ ಕಾಲವಾಗಿದೆ ಎಂದು ನನಗೆ ಗೊತ್ತು. ಅವಳಿಗೂ ಗೊತ್ತು. ಪಂಪನ್ನು ಮೇಲಕ್ಕೆತ್ತಿ, ಹೊತ್ತುಕೊಂಡು ಹೋಗಿ, ಆಳದ ಕಡೆ ಇಳಿಬಿಟ್ಟೆ.

"ಆ ಕಡೆದೇ ಹೋಗ್ಲಿ ಬಿಡು" ಎಂದೆ.

ಅವಳು ಸರಿಯೆಂದು ತಲೆಯಾಡಿಸಿದಳು. ಪಂಪ್ ಗುಯ್‌ಗುಟ್ಟತೊಡಗಿತು.

ಕೊಳದ ನೆಲ ಇಳಿಜಾರು ಎಂಬುದು ನನ್ನ ಮಂದಬುದ್ಧಿಗೆ ಹೊಳೆದಿರಲಿಲ್ಲ. ಪಂಪನ್ನು ಎಲ್ಲಿಟ್ಟರೇನು, ನೀರು ಮೊದಲು ಬಿಟ್ಟುಹೋಗಿದ್ದು ಮೆಟ್ಟಿಲ ಕಡೆಯನ್ನೇ. ಒಂದೊಂದೇ ಮೆಟ್ಟಿಲು ಬರಿದಾಯಿತು, ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ನೆಲ ಕಂಡಿತು. ಉಳಿದ ಅರ್ಧ ಆಳದ ಕಡೆ ಸರಿದು ನಿಂತಿತ್ತು. ನಾನು ಓಡಿ ಹೋಗಿ ಸ್ವಿಚ್ ಆರಿಸಿದೆ.

ಚೆನೊಲೊ ಚಪ್ಪಲಿ ಬಿಟ್ಟು ಕೆಳಗಿಳಿದಳು. ಜಾರುವ ಪಾಚಿಯ ಮೇಲೆ ನಿಧಾನವಾಗಿ ನಡೆದು, ಮೊದೀಸೆ ನಿಲ್ಲುತ್ತಿದ್ದ ಜಾಗದಲ್ಲಿ ಮನೆಯ ಕಡೆಗೆ ಮುಖ ಮಾಡಿ ನಿಂತಳು. ಅವಳು ಅಳಲಿಲ್ಲ. ಅತ್ತವಳು ನಾನು, ಅಕ್ಕಪಕ್ಕದವರು ಗೋಡೆಯ ಮೇಲಿಂದ ಇಣುಕುವ ಹಾಗೆ. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು.

"ಇಲ್ಲಿಂದ ಅಡುಗೆಮನೆ ಕಾಣುತ್ತೆ ಅಕ್ಕ" ಎಂದಳು. "ನಂಗೆ ಗೊತ್ತಿರ್ಲಿಲ್ಲ."